ಗ್ರಾನೈಟ್ ಸೀಮೆಯ ಮನೆಗೆ ಟ್ರಾವರ್ಟೈನ್: ಆರಿಸುವುದು, ಹಾಸುವುದು, ಕಾಪಾಡುವುದು

ರಾಯಚೂರು ಸೀಮೆಯ ಮನೆಗಳಲ್ಲಿ ನೀರು ಕಾಯಿಸುವ ಹೀಟರಿನ ಸುರುಳಿಯನ್ನು ಆರು ತಿಂಗಳ ಬಳಕೆಯ ನಂತರ ಹೊರತೆಗೆದು ನೋಡಿದವರಿಗೆ ಅದರ ಮೈತುಂಬ ಮೆತ್ತಿಕೊಂಡ ಬೂದುಬಿಳಿ ಪೊರೆಯ ಪರಿಚಯ ಇದ್ದೇ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕರಗಿಕೊಂಡಿದ್ದ ಸುಣ್ಣದ ಅಂಶವು ನೀರು ಕಾದಾಗ ಕಲ್ಲಾಗಿ ಕೂತದ್ದು ಅದು. ಚಾಕುವಿನ ಬೆನ್ನಿನಿಂದ ಬಡಿದರೆ ಹಕ್ಕಳೆಯಾಗಿ ಕಳಚುತ್ತದೆ, ನಿಂಬೆರಸ ಹಿಂಡಿದರೆ ನೊರೆಯೆದ್ದು ಕರಗುತ್ತದೆ. ಇತ್ತೀಚೆಗೆ ನಮ್ಮ ಕಡೆಯ ಹೊಸ ಮನೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿರುವ ಟ್ರಾವರ್ಟೈನ್ ಎಂಬ ಕೆನೆಬಣ್ಣದ, ತೂತುತೂತಾದ ಕಲ್ಲು ಮೂಲದಲ್ಲಿ ಇದೇ ಪದಾರ್ಥ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಎಲ್ಲಿ ಹಾಸಬೇಕು, ಯಾವುದರಿಂದ ಅಂಟಿಸಬೇಕು, ಯಾವುದರಿಂದ ತೊಳೆಯಬಾರದು ಎಂಬ ಪ್ರಶ್ನೆಗಳ ಉತ್ತರಗಳಲ್ಲಿ ಮುಕ್ಕಾಲು ಪಾಲು ಆ ಸುರುಳಿಯ ಪೊರೆಯಲ್ಲಿಯೇ ಸಿಗುತ್ತವೆ.

ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ಬಳ್ಳಾರಿ, ರಾಯಚೂರು, ಕೊಪ್ಪಳದವರಾದ ನಾವು ಗ್ರಾನೈಟಿನ ನಡುವೆ ಬೆಳೆದವರು. ಬಳ್ಳಾರಿಯ ಕೋಟೆ ಕೂತಿರುವ ಗುಡ್ಡವೂ ಅದೇ, ಆನೆಗೊಂದಿಯ ಬಂಡೆಗಳೂ ಅದೇ, ಕುಷ್ಟಗಿಯ ಸುತ್ತಮುತ್ತಲಿನ ಕ್ವಾರಿಗಳಿಂದ ಲಾರಿಗಳಲ್ಲಿ ಹೋಗುವುದೂ ಅದೇ. ಹೀಗಾಗಿ ನಮ್ಮ ಗೌಂಡಿಗಳ ಕೈ, ಪಾಲಿಶ್ ಮಾಡುವವರ ಮಶಿನು, ಮನೆ ಒರೆಸುವವರ ಬಕೆಟ್ಟು ಎಲ್ಲವೂ ಗ್ರಾನೈಟಿನ ಗಡಸುತನಕ್ಕೆ ಒಗ್ಗಿಹೋಗಿವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಗ್ರಾನೈಟ್ 6ರಿಂದ 7ರ ಆಸುಪಾಸಿನಲ್ಲಿದ್ದರೆ ಟ್ರಾವರ್ಟೈನ್ 3ರಿಂದ 4ರೊಳಗೆ ನಿಲ್ಲುತ್ತದೆ. ಈ ಕಲ್ಲು ಕೆಟ್ಟ ಮನೆಗಳಲ್ಲಿ ನಾನು ಕಂಡಂತೆ ಕಲ್ಲಿನ ದೋಷ ಕಡಿಮೆ. ಗ್ರಾನೈಟಿಗೆ ಮಾಡುವುದನ್ನೇ ಇದಕ್ಕೂ ಮಾಡಿದ್ದರಿಂದ ಆದ ಕೇಡೇ ಹೆಚ್ಚು.

ಕಲ್ಲಿನ ಹುಟ್ಟು

ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ, ಸುಣ್ಣಕಲ್ಲಿನ ಪದರಗಳಲ್ಲಿ ಹಾಯ್ದು ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಮುಂದೆ ಬಿಸಿನೀರಿನ ಬುಗ್ಗೆಯಾಗಿಯೋ ತೊರೆಯಾಗಿಯೋ ಹೊರಬಂದಾಗ ಆ ಅನಿಲ ಹಾರಿಹೋಗಿ ಸುಣ್ಣವು ಪದರಪದರವಾಗಿ ಕಲ್ಲುಗಟ್ಟುತ್ತದೆ. ಅನಿಲದ ಗುಳ್ಳೆಗಳು ಸಿಕ್ಕಿಬಿದ್ದ ಜಾಗ, ಪಾಚಿ ಮತ್ತು ಜೊಂಡು ಕೊಳೆತುಹೋದ ಜಾಗ ತೂತುಗಳಾಗಿ ಉಳಿಯುತ್ತವೆ. ನೀರಿನಲ್ಲಿದ್ದ ಕಬ್ಬಿಣದ ಅಂಶ ಹಳದಿ, ಕಂದು, ಕೆಂಪು ಛಾಯೆಗಳನ್ನು ಕೊಡುತ್ತದೆ. ರೋಮ್ ಸಮೀಪದ ಟಿವೊಲಿ ಎಂಬ ಊರಿಗೆ ಹಿಂದೆ ಟಿಬುರ್ ಎಂಬ ಹೆಸರಿತ್ತು. ಆ ಊರಿನ ಕಲ್ಲು ಎಂಬ ಅರ್ಥದ ಲ್ಯಾಟಿನ್ ಮಾತೇ ಸವೆದು ಟ್ರಾವರ್ಟೈನ್ ಆಗಿದೆ. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ, ರೋಮಿನ ಕೊಲೋಸಿಯಂ ಎಂಬ ಬಯಲು ರಂಗಮಂದಿರದ ಹೊರಗೋಡೆ ಈ ಕಲ್ಲಿನದೇ, ಮತ್ತು ಅದರ ದಿಮ್ಮಿಗಳನ್ನು ಗಾರೆಯಿಲ್ಲದೆ ಕಬ್ಬಿಣದ ಕೊಂಡಿಗಳಿಂದ ಹಿಡಿದು ನಿಲ್ಲಿಸಲಾಗಿತ್ತು. 1997ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತೆರೆದ ಗೆಟ್ಟಿ ಸೆಂಟರ್ ಎಂಬ ಕಲಾ ಸಂಗ್ರಹಾಲಯದ ಗೋಡೆಗಳಿಗೂ ಟಿವೊಲಿ ಬಳಿಯಿಂದಲೇ ಕಲ್ಲು ಹೋಯಿತು. ತುರ್ಕಿಯ ದೆನಿಜ್ಲಿ ಪ್ರಾಂತದಲ್ಲಿ ಗಣಿಗಳೂ ಇವೆ, ಕಲ್ಲು ಇಂದಿಗೂ ಕಣ್ಣೆದುರಿಗೆ ಹೆಪ್ಪುಗಟ್ಟುತ್ತಿರುವ ಪಾಮುಕ್ಕಲೆ ಎಂಬ ತಾಣವೂ ಇದೆ. ನಮ್ಮ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮುಂದೆ ಟ್ರಾವರ್ಟೈನ್ ಇನ್ನೂ ತೊಟ್ಟಿಲಿನಲ್ಲಿದೆ.

ಎರಡು ಸಾವಿರ ವರ್ಷ ಬಯಲಿನಲ್ಲಿ ನಿಂತ ಕಲ್ಲು ನಮ್ಮ ಪಡಸಾಲೆಯಲ್ಲಿ ನಿಲ್ಲದೇ ಎಂದು ಮಾರುವವರು ಕೇಳುವುದುಂಟು. ಕೊಲೋಸಿಯಂನಲ್ಲಿ ಅದು ಗಜಗಟ್ಟಲೆ ದಪ್ಪದ ದಿಮ್ಮಿಯಾಗಿ ನಿಂತಿದೆ, ನಮ್ಮ ಮನೆಗೆ ಬರುವುದು 12 ಅಥವಾ 20 ಮಿಲಿಮೀಟರಿನ ಹಲಗೆ. ಆದುದರಿಂದ ಆ ಹೋಲಿಕೆಯನ್ನು ನಂಬಿ ಹಣ ಕೊಡಬಾರದು.

ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಟ್ರಾವರ್ಟೈನ್ ಚೆನ್ನಾಗಿ ಬಾಳುವುದು ಒಳಗೋಡೆಯ ಮೇಲೆ. ಪಡಸಾಲೆಯ ಒಂದು ಗೋಡೆ, ಮೆಟ್ಟಿಲಿನ ಪಕ್ಕದ ಗೋಡೆ, ಮಂಚದ ತಲೆದಿಸೆಯ ಗೋಡೆ ಇಂತಹ ಕಡೆ ಅದರ ಗೆರೆಗಳು ಓರೆಬೆಳಕಿನಲ್ಲಿ ಎದ್ದು ಕಾಣುತ್ತವೆ, ಕಾಲು ತಾಗುವುದಿಲ್ಲ, ಎಣ್ಣೆ ಬೀಳುವುದಿಲ್ಲ. ಪಡಸಾಲೆಯ ಮತ್ತು ಮಲಗುವ ಕೋಣೆಯ ನೆಲಕ್ಕೂ ಹಾಕಬಹುದು. ತಿಳಿಬಣ್ಣದ ಕಲ್ಲಾದ್ದರಿಂದ ಅಂಗಳದಲ್ಲಿಯೋ ಮಾಳಿಗೆಯ ಮೇಲಿನ ಕಟ್ಟೆಯಲ್ಲಿಯೋ ಹಾಕಿದರೆ, ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್–ಮೇ ತಿಂಗಳುಗಳಲ್ಲಿ, ಕಪ್ಪು ಗ್ರಾನೈಟಿನಷ್ಟು ಅಥವಾ ಕಡಪಾ ಕಲ್ಲಿನಷ್ಟು ಅಂಗಾಲು ಸುಡುವುದಿಲ್ಲ. ಆದರೆ ಹೊರಗಡೆಗೆ 30 ಮಿಲಿಮೀಟರ್ ದಪ್ಪದ, ಮೈ ಒರಟಾಗಿಯೇ ಉಳಿಸಿದ ಕಲ್ಲನ್ನು ತರಬೇಕು.

ಅಡುಗೆಮನೆಯ ಕಟ್ಟೆಗೆ ಮಾತ್ರ ಖಂಡಿತ ಬೇಡ. ನಮ್ಮ ಅಡುಗೆಯೇ ಹುಳಿಯ ಮೇಲೆ ನಿಂತಿದೆ. ಹುಣಸೆಹಣ್ಣು ಕಿವುಚಿದ ನೀರು, ಮಂಡಕ್ಕಿ ಒಗ್ಗರಣೆಗೆ ಹಿಂಡಿದ ನಿಂಬೆ, ಚೆಲ್ಲಿದ ಮಜ್ಜಿಗೆ, ಟೊಮೇಟೊ ರಸ ಇವೆಲ್ಲ ಆಮ್ಲಗಳೇ, ಮತ್ತು ಇವುಗಳಲ್ಲಿ ಯಾವುದು ಬಿದ್ದರೂ ಕಲ್ಲಿನ ಮೇಲ್ಮೈ ಕೆಲವೇ ನಿಮಿಷಗಳಲ್ಲಿ ಸವೆದು ಮಂಕಾದ ಗುರುತು ಉಳಿಯುತ್ತದೆ. ಅದು ಕಲೆಯಲ್ಲ, ಗಾಯ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಸೀಲರ್ ಹಚ್ಚಿದರೆ ಏನೂ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೀಲರ್ ಎಣ್ಣೆ ಮತ್ತು ನೀರು ಒಳಗೆ ಇಳಿಯುವುದನ್ನು ತಡೆಯುತ್ತದೆಯೇ ಹೊರತು ಮೇಲ್ಮೈಯನ್ನು ಆಮ್ಲ ತಿನ್ನುವುದನ್ನು ತಡೆಯುವುದಿಲ್ಲ. ಕಟ್ಟೆಗೆ ನಮ್ಮ ಗ್ರಾನೈಟೇ ಸರಿ, ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗದು.

ದೇವರ ಕೋಣೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ದೀಪದ ಎಣ್ಣೆ, ಕುಂಕುಮ, ಅರಿಷಿಣ ಬೀಳುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಾಗದೇ ಹೋಗುವುದು ತಾಮ್ರ ಹಿತ್ತಾಳೆಯ ಸಾಮಾನಿನ ಹಾವಳಿ. ಪರಿಚಯದವರ ಮನೆಯೊಂದರಲ್ಲಿ ದೇವರ ಜಗುಲಿಗೆ ಹಾಕಿದ ಟ್ರಾವರ್ಟೈನ್ ಮೇಲೆ ಬಳೆಯಷ್ಟಗಲದ ಐದಾರು ಮಂಕು ವೃತ್ತಗಳು ಒಂದರ ಪಕ್ಕದಲ್ಲೊಂದು ಮೂಡಿದ್ದವು. ಯಾರಿಗೂ ಕಾರಣ ಹೊಳೆದಿರಲಿಲ್ಲ. ಪ್ರತಿ ಶುಕ್ರವಾರ ಹುಣಸೆಹಣ್ಣಿನಿಂದ ತಿಕ್ಕಿದ ತಂಬಿಗೆಯನ್ನು, ಒಮ್ಮೆ ಮಾತ್ರ ಜಾಲಾಡಿಸಿ, ತಳ ಒರೆಸದೆ ಅಲ್ಲಿ ಇಡುತ್ತಿದ್ದರು. ತಳದಂಚಿನಲ್ಲಿ ಉಳಿದ ಹುಳಿನೀರು ಅಷ್ಟು ಕೆಲಸ ಮಾಡಿತ್ತು. ಜಗುಲಿಗೆ ಈ ಕಲ್ಲು ಬೇಕೇ ಬೇಕು ಎನ್ನುವವರು ಅದನ್ನು ಹಿಂದಿನ ಗೋಡೆಗೆ ಹಾಕಿ, ಸಾಮಾನು ಇಡುವ ಹಲಗೆಗೆ ಗ್ರಾನೈಟ್ ಬಳಸುವುದು ಲೇಸು. ಬಚ್ಚಲಿನ ಗೋಡೆಗೆ ಹಾಕಬಹುದಾದರೂ ಶೌಚಾಲಯ ತೊಳೆಯುವ ಆಮ್ಲದ ಬಾಟಲಿ ಆ ಮನೆಯಲ್ಲಿ ಇರಬಾರದು, ಮತ್ತು ಗಡಸು ನೀರಿನ ಬಿಳಿಗೆರೆಗಳು ಕೂರದಂತೆ ಸ್ನಾನದ ನಂತರ ಗೋಡೆ ಒರೆಸುವ ರೂಢಿ ಬೇಕು. ಆ ಬಿಳಿಗೆರೆಗಳನ್ನು ತೆಗೆಯುವ ದ್ರಾವಣಗಳು ಬಹುಮಟ್ಟಿಗೆ ಆಮ್ಲಗಳೇ ಆಗಿರುವುದರಿಂದ ಗೆರೆಯ ಜೊತೆಗೆ ಕಲ್ಲೂ ಕರಗುತ್ತದೆ.

ಶಹಾಬಾದ್ ಪರಸಿಯೂ ಕಡಪಾ ಕಲ್ಲೂ ಸುಣ್ಣಕಲ್ಲುಗಳೇ ಅಲ್ಲವೇ, ಅವು ನಮ್ಮ ಹಳೆಯ ಮನೆಗಳಲ್ಲಿ ತಲೆಮಾರುಗಟ್ಟಲೆ ಬಾಳಿಲ್ಲವೇ ಎಂದು ಕೇಳಬಹುದು. ಬಾಳಿವೆ. ಅವು ಒತ್ತೊತ್ತಾದ, ತೂತಿಲ್ಲದ ಕಲ್ಲುಗಳು, ಮೇಲಾಗಿ ಬೂದು ಮತ್ತು ಕಪ್ಪು ಬಣ್ಣದವು. ಹುಳಿ ಬಿದ್ದರೂ ಎಣ್ಣೆ ಬಿದ್ದರೂ ಹತ್ತು ವರ್ಷದ ಗುರುತುಗಳು ಒಂದರೊಳಗೊಂದು ಬೆರೆತು ಹೋಗುತ್ತವೆ, ಯಾರೂ ಲೆಕ್ಕ ಇಡುವುದಿಲ್ಲ. ಕೆನೆಬಣ್ಣದ ಕಲ್ಲಿನ ಮೇಲೆ ಪ್ರತಿಯೊಂದೂ ಲೆಕ್ಕಕ್ಕೆ ಸಿಗುತ್ತದೆ.

ಗೋದಾಮಿನಲ್ಲಿ ನೋಡಬೇಕಾದದ್ದು

ನಮ್ಮ ಜಿಲ್ಲೆಗಳವರು ಸಾಮಾನ್ಯವಾಗಿ ಹೈದರಾಬಾದ್‌ಗೆ ಅಥವಾ ಬೆಂಗಳೂರಿನ ಜಿಗಣಿ ಕಡೆಗೆ ಹೋಗಿ ಕಲ್ಲು ನೋಡುತ್ತಾರೆ. ಹೋಗುವಾಗ ಒಂದು ನಿಂಬೆಹಣ್ಣು, ಒಂದು ಬಾಟಲಿ ನೀರು, ಒಂದು ಬಿಳಿ ಬಟ್ಟೆ, ಒಂದು ರೂಪಾಯಿಯ ನಾಣ್ಯ ಇಟ್ಟುಕೊಂಡಿರಿ.

ಮೊದಲಿಗೆ ಅದು ಕಲ್ಲೇ ಹೌದೋ ಎಂಬುದು. ಟ್ರಾವರ್ಟೈನ್ ಚಿತ್ರವನ್ನು ಅಚ್ಚು ಹಾಕಿದ ಟೈಲ್ಸ್ ಧಾರಾಳವಾಗಿ ಸಿಗುತ್ತವೆ, ಅವು ಕೆಟ್ಟವೂ ಅಲ್ಲ. ಬೆಲೆ ಮಾತ್ರ ಟೈಲ್ಸಿನದಾಗಿರಬೇಕು. ಕಲ್ಲಾದರೆ ಮೇಲಿನ ಗೆರೆ ಅಂಚಿನಲ್ಲಿಯೂ ಇಳಿದು ಹಿಂಬದಿಯವರೆಗೆ ಸಾಗುತ್ತದೆ, ಮತ್ತು ಹಿಂಬದಿಯ ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಟ್ಟರೆ ಸಣ್ಣಗೆ ನೊರೆಯೇಳುತ್ತದೆ. ಕೇಳಿಯೇ ಮಾಡಿ, ಮುಂಬದಿಯ ಮೇಲೆ ಮಾಡಬೇಡಿ.

ಎರಡನೆಯದು ಕೊಯ್ದ ದಿಕ್ಕು. ಪದರಗಳಿಗೆ ಅಡ್ಡಲಾಗಿ ಕೊಯ್ದರೆ ಉದ್ದುದ್ದ ಗೆರೆಗಳು ಬರುತ್ತವೆ, ಪದರದ ಗುಂಟ ಕೊಯ್ದರೆ ಮೋಡದಂತಹ, ಹೂವಿನಂತಹ ಚಹರೆ ಬರುತ್ತದೆ. ಒಂದೇ ದಿಮ್ಮಿಯಿಂದ ಬಂದ ಈ ಎರಡು ಬಗೆಗಳು ಅಕ್ಕಪಕ್ಕದಲ್ಲಿ ಕೂತರೆ ಬೇರೆಬೇರೆ ಕಲ್ಲಿನಂತೆ ಕಾಣುತ್ತವೆ. ಗೆರೆಯ ಕಲ್ಲನ್ನು ಗೋಡೆಗೆ ಅಡ್ಡಲಾಗಿ ಹಾಕುತ್ತೀರೋ ಉದ್ದಕ್ಕೆ ನಿಲ್ಲಿಸುತ್ತೀರೋ ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಬೇಕು, ಏಕೆಂದರೆ ಎಷ್ಟು ತುಂಡು ವ್ಯರ್ಥವಾಗುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ಮೂರನೆಯದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ತೂತು ತುಂಬಿದ ಬಗೆ. ಕಾರ್ಖಾನೆಯಲ್ಲಿ ಸಿಮೆಂಟಿನಿಂದಲೋ ರಾಳದಿಂದಲೋ ತುಂಬಿಸಿ ನಯ ಮಾಡಿದ ಕಲ್ಲು ಒಂದು ಬಗೆ, ತೂತುಗಳನ್ನು ಹಾಗೆಯೇ ಬಿಟ್ಟದ್ದು ಇನ್ನೊಂದು ಬಗೆ. ನೆಲಕ್ಕೆ ತುಂಬಿಸಿದ್ದೇ ಬೇಕು. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು ಕಬ್ಬಿಣದ ಆಕ್ಸೈಡಿನ ನುಣುಪು ಪುಡಿ, ಅಂದರೆ ಅದೇ ಒಂದು ಬಣ್ಣದ ಪುಡಿ ಇದ್ದಂತೆ. ತೆರೆದ ತೂತುಗಳೊಳಗೆ ಅದು ಕೂತಿತೆಂದರೆ ಒಂದೇ ವರ್ಷದಲ್ಲಿ ಕೆನೆಬಣ್ಣದ ನೆಲದ ಮೇಲೆ ಇಟ್ಟಿಗೆ ಬಣ್ಣದ ಚುಕ್ಕೆಗಳಾಗುತ್ತವೆ. ತುಂಬಿದ ಜಾಗಗಳನ್ನು ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗಿಸಿ ಓರೆಯಾಗಿ ಹಿಡಿದು ನೋಡಿ. ತುಂಬಿದ್ದು ತಗ್ಗಾಗಿದ್ದರೆ, ಉಗುರಿನಿಂದ ಕೆರೆದಾಗ ಪುಡಿಯುದುರಿದರೆ, ಆ ಹಲಗೆ ಬೇಡ. ಬಳಿಕ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಮೇಲಿನ ಪೊರೆಯ ಕೆಳಗೆ ಪೊಳ್ಳಿದ್ದರೆ ಸದ್ದು ಮಂದವಾಗುತ್ತದೆ. ಅಂತಹ ಪೊಳ್ಳಿನ ಮೇಲೆ ಕುರ್ಚಿಯ ಕಾಲು ಬಿದ್ದ ದಿನ ಹೊಸ ತೂತು ತೆರೆಯುತ್ತದೆ.

ಮೈಯ ನಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನ್ನಡಿಯಂತೆ ಹೊಳೆಯುವ ಪಾಲಿಶ್ ಬೇಡ, ಮಂದನೆಯ ನಯದ ಹೋನ್ ಮೈ ಇರಲಿ. ಹುಳಿಯ ಗುರುತುಗಳು ಅದರಲ್ಲಿ ಕಡಿಮೆ ಕಾಣುತ್ತವೆ, ಕಾಲೂ ಜಾರುವುದಿಲ್ಲ. ಪ್ರತಿ ಹಲಗೆಯ ಮೇಲಿನ ದಿಮ್ಮಿಯ ಮತ್ತು ಸಾಲಿನ ಸಂಖ್ಯೆಯನ್ನು ಬರೆದುಕೊಂಡು, ಒಂದೇ ದಿಮ್ಮಿಯ ಕಲ್ಲನ್ನೇ ಕೇಳಿ ಪಡೆಯಬೇಕು. ಬೇಕಾದ ಅಳತೆಗಿಂತ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹೆಚ್ಚು ತರಬೇಕು, ಏಕೆಂದರೆ ಆರು ತಿಂಗಳ ನಂತರ ಅದೇ ಬಣ್ಣ ಹುಡುಕಿಕೊಂಡು ಹೋದರೆ ಆ ದಿಮ್ಮಿ ಮುಗಿದಿರುತ್ತದೆ. ತೂಕದ ಅಂದಾಜು ಬೇಕಾದರೆ, 20 ಮಿಲಿಮೀಟರಿನ ಕಲ್ಲು ಚದರಡಿಗೆ ಸುಮಾರು ನಾಲ್ಕೂವರೆ ಕಿಲೊ, 12 ಮಿಲಿಮೀಟರಿನದು ಸುಮಾರು 2.7 ಕಿಲೊ.

ಒಂದು ಅಂಗೈಯಗಲದ ತುಂಡನ್ನು ಕೇಳಿ ಮನೆಗೆ ತನ್ನಿ. ಅದರ ಮೇಲೆ ಎಣ್ಣೆ, ಚಹಾ, ಕುಂಕುಮದ ನೀರು, ಮಜ್ಜಿಗೆ ಒಂದೊಂದು ಹನಿ ಹಾಕಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬರಿಯ ನೀರಿನಲ್ಲಿ ಒರೆಸಿ ಮನೆಯವರೆಲ್ಲರ ಮುಂದೆ ಇಡಿ. ಆ ತುಂಡನ್ನು ನೋಡಿದ ಮೇಲೂ ಈ ಕಲ್ಲೇ ಬೇಕು ಎಂದು ಮನೆಯ ಹಿರಿಯ ಹೆಣ್ಣುಮಕ್ಕಳು ಒಪ್ಪಿದರೆ ಮುಂದುವರಿಯಬಹುದು. ಅವರನ್ನು ಕೇಳದೆ ತಂದ ಕಲ್ಲಿನ ಮೇಲೆ ಮುಂದೆ ಬೀಳುವ ಪ್ರತಿ ಹನಿಗೂ ತಂದವರೇ ಹೊಣೆಯಾಗುತ್ತಾರೆ.

ಕೆಳಗಿನ ನೆಲ

ಸಿಂಧನೂರು, ಮಾನ್ವಿ, ಗಂಗಾವತಿ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗ್ರಾನೈಟ್ ನೆಲ ಈ ಅಲುಗಾಟವನ್ನು ಸ್ವಲ್ಪ ಮಟ್ಟಿಗೆ ತಡೆದುಕೊಂಡೀತು. ಟ್ರಾವರ್ಟೈನ್ ತನ್ನ ಗೆರೆಯ ಗುಂಟ ಸೀಳುತ್ತದೆ. ಅಡಿಪಾಯದೊಳಗಿನ ಎರೆಮಣ್ಣನ್ನು ತೆಗೆಸಿ, ಗರಸನ್ನು ಅರ್ಧರ್ಧ ಅಡಿಯ ಪದರಗಳಲ್ಲಿ ನೀರು ಹಾಕಿ ದಿಮ್ಮಸು ಬಡಿದು ತುಂಬಿಸಿ, ಅದರ ಮೇಲೆ ಕಾಂಕ್ರೀಟ್ ಹಾಕಬೇಕು. ತುಂಗಭದ್ರಾ ಕಾಲುವೆಯ ನೀರು ಹರಿಯುವ ಪ್ರದೇಶದಲ್ಲಿ ಇನ್ನೊಂದು ತೊಂದರೆಯುಂಟು. ಅಲ್ಲಿ ಅಂತರ್ಜಲ ಮೇಲಿದ್ದು ನೆಲ ಸವಳಾಗಿರುವ ಕಡೆ, ನೆಲದ ತೇವವು ಉಪ್ಪನ್ನು ಹೊತ್ತುಕೊಂಡು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಏರಿ, ಮೇಲೆ ಒಣಗಿ ಹರಳಾಗುತ್ತದೆ. ಹರಳು ಬೆಳೆಯುವಾಗಿನ ಒತ್ತಡಕ್ಕೆ ಕಲ್ಲಿನ ಮೈ ಪುಡಿಪುಡಿಯಾಗಿ ಉದುರತೊಡಗುತ್ತದೆ. ಇದಕ್ಕೆ ಮೇಲಿನಿಂದ ಮದ್ದಿಲ್ಲ. ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸೇರಿಕೆಗಳಲ್ಲಿ ಒಂದಡಿ ಒಂದರ ಮೇಲೊಂದು ಬರುವಂತೆ ಹಾಸಿ ತೇವವನ್ನು ಅಲ್ಲಿಯೇ ತಡೆಯಬೇಕು.

ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ 28 ದಿನ ಕಾಯಬೇಕು. ಮುಹೂರ್ತ ಹತ್ತಿರ ಬಂತೆಂದು ಹತ್ತನೆಯ ದಿನಕ್ಕೆ ಕಲ್ಲು ಇಳಿಸಿದರೆ ಒಳಗಿನ ತೇವ ಕಲ್ಲಿನಲ್ಲಿ ಕಪ್ಪು ಮಚ್ಚೆಯಾಗಿ ತಿಂಗಳುಗಟ್ಟಲೆ ಕೂತಿರುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆದಾಗ ಒಳಬದಿಯಲ್ಲಿ ಹನಿಗಟ್ಟಿದ್ದರೆ ಇನ್ನೂ ಕಾಯಬೇಕು ಎಂದು ತಿಳಿಯಬೇಕು.

ಹಾಸುವ ಕೆಲಸ

ಗೌಂಡಿಗಳು ರೂಢಿಯಲ್ಲಿ ಪರಸಿ ಹಾಸುವಂತೆ ಮರಳು ಸಿಮೆಂಟಿನ ಮಾಲು ಹರಡಿ, ಮೇಲೆ ಸಿಮೆಂಟಿನ ಹಾಲು ಸುರಿದು ಕಲ್ಲು ಕೂರಿಸುತ್ತಾರೆ. ಬೂದು ಸಿಮೆಂಟಿನ ನೀರು ತಿಳಿಬಣ್ಣದ ಟ್ರಾವರ್ಟೈನಿನೊಳಗೆ ಏರಿ ಬೂದು ನೆರಳಾಗಿ ಉಳಿಯುತ್ತದೆ, ಆಮೇಲೆ ಅದನ್ನು ಯಾರೂ ಇಳಿಸಲಾರರು. ಬಿಳಿ ಬಣ್ಣದ, ಕಲ್ಲಿಗೆಂದೇ ತಯಾರಿಸಿದ ಅಂಟುಪುಡಿಯನ್ನೇ ಬಳಸಬೇಕು. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಸಂಖ್ಯೆ ಇದೆಯೇ ಎಂದು ನೋಡಬೇಕು. ಕಲಸುವುದಕ್ಕೆ ಬೋರಿನ ಉಪ್ಪುನೀರು ಬೇಡ, ಕುಡಿಯುವ ನೀರು ಬಳಸಿ.

ಕಲ್ಲನ್ನು ಅಂಟಿಸುವ ಮುನ್ನ ಇಡೀ ಕೋಣೆಗೆ ಒಣದಾಗಿ ಹಾಸಿ ನೋಡಬೇಕು. ಇದಕ್ಕೆ ಅರ್ಧ ದಿನ ಹೋಗುತ್ತದೆ, ಗೌಂಡಿ ಗೊಣಗುತ್ತಾನೆ, ಆದರೂ ಬಿಡಬಾರದು. ಬಾಗಿಲಿನಲ್ಲಿ ನಿಂತು ಬೆಳಗಿನ ಬೆಳಕಿನಲ್ಲಿ ನೋಡಿ, ಕಪ್ಪುಗೆರೆಯ ಹಲಗೆಗಳು ಒಂದೇ ಕಡೆ ಗುಂಪಾಗಿದ್ದರೆ ಚದುರಿಸಿ, ಹೆಚ್ಚು ತುಂಬಿಸಿದ ಹಲಗೆಗಳನ್ನು ಸೋಫಾದ ಕೆಳಗೆ ಬರುವ ಜಾಗಕ್ಕೆ ಸರಿಸಿ, ಹಿಂಬದಿಗೆ ಸೀಸದ ಕಡ್ಡಿಯಿಂದ ಸಂಖ್ಯೆ ಬರೆಯಬೇಕು. ಹಿಂಬದಿಯಲ್ಲಿ ಕಲ್ಲನ್ನು ಬಲಪಡಿಸಲು ಬಲೆ ಅಂಟಿಸಿದ್ದರೆ ಅದು ಬಿಗಿಯಾಗಿದೆಯೇ ಎಂದು ಮೂಲೆಯಲ್ಲಿ ಎಳೆದು ನೋಡಬೇಕು, ಏಕೆಂದರೆ ಸಡಿಲವಾದ ಬಲೆಗೆ ಅಂಟು ಹಚ್ಚಿದರೆ ಬಲೆ ನೆಲಕ್ಕೆ ಹಿಡಿದುಕೊಳ್ಳುತ್ತದೆ, ಕಲ್ಲು ಮೇಲೆ ಸಡಿಲವಾಗಿಯೇ ಉಳಿಯುತ್ತದೆ.

ಅಂಟನ್ನು ನೆಲಕ್ಕೆ ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿನಲ್ಲಿ ಎಳೆದು, ಕಲ್ಲಿನ ಬೆನ್ನಿಗೂ ತೆಳ್ಳಗೆ ಸವರಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಎಂಬ ಪದ್ಧತಿ ಈ ಕಲ್ಲಿಗೆ ಸಲ್ಲದು. ಉಂಡೆಗಳ ನಡುವಿನ ಪೊಳ್ಳಿನ ಮೇಲೆ ಗೋದ್ರೆಜ್ ಕಪಾಟಿನ ಕಾಲು ನಿಂತರೆ ಕಲ್ಲು ಅಲ್ಲಿಯೇ ಬಿರಿಯುತ್ತದೆ. ಹತ್ತಾರು ಕಲ್ಲುಗಳಿಗೊಮ್ಮೆ ಒಂದನ್ನು ಎತ್ತಿ ಬೆನ್ನು ನೋಡಿ, ಅಂಟು ಪೂರ್ತಿ ಹರಡಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಲ್ಲುಗಳ ನಡುವೆ 2ರಿಂದ 3 ಮಿಲಿಮೀಟರ್ ಸಂದು ಇರಲಿ, ಗೋಡೆಯ ಬುಡದಲ್ಲಿ ಸ್ಕರ್ಟಿಂಗಿನ ಅಡಿಗೆ ಮರೆಯಾಗುವಂತೆ 6ರಿಂದ 8 ಮಿಲಿಮೀಟರ್ ಬಿಡಿ. ಒಳಗೆ ಸುಮಾರು 20ರಿಂದ 25 ಅಡಿಗೊಮ್ಮೆ, ಬಿಸಿಲು ಬೀಳುವ ಅಂಗಳದಲ್ಲಿ 8ರಿಂದ 12 ಅಡಿಗೊಮ್ಮೆ, ಕಲ್ಲು ಹಿಗ್ಗಿ ಕುಗ್ಗಲು ಎಡೆಯಾಗುವಂತೆ ಮೆತ್ತನೆಯ ಸೀಲಂಟ್ (ರಬ್ಬರಿನಂತಹ ಭರ್ತಿ) ತುಂಬಿದ ಸಂದು ಬೇಕು. ಆ ಸೀಲಂಟ್ ಕೂಡ ಕಲ್ಲಿಗೆ ಕಲೆ ಮಾಡದ ಬಗೆಯದಾಗಿರಬೇಕು, ಸಾಮಾನ್ಯ ಸಿಲಿಕೋನಿನಿಂದ ಎಣ್ಣೆ ಜಿನುಗಿ ಅಂಚುಗಳು ಕಪ್ಪಾಗುತ್ತವೆ.

ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನ ಈ ಕೆಲಸ ಮಾಡಲೇಬಾರದು. ಕಲಸಿದ ಅಂಟು ಕರಣೆಯಿಂದ ಎಳೆದ ಐದು ನಿಮಿಷಕ್ಕೆ ಮೇಲೆ ಪೊರೆಗಟ್ಟುತ್ತದೆ, ಬೆರಳಿನಿಂದ ಮುಟ್ಟಿದರೆ ಬೆರಳಿಗೆ ಹತ್ತುವುದಿಲ್ಲ. ಅಂತಹ ಅಂಟಿನ ಮೇಲೆ ಕಲ್ಲಿಟ್ಟರೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸುವುದು ಒಳ್ಳೆಯದು. ಗೋಡೆಗಾದರೆ, ಆಳೆತ್ತರದವರೆಗೆ 12 ಮಿಲಿಮೀಟರಿನ ಕಲ್ಲು ಅಂಟಿನಿಂದ ನಿಂತೀತು, ಗಿಲಾವು ಗಟ್ಟಿಯಾಗಿದ್ದು ಬಣ್ಣ, ಪುಟ್ಟಿ ಯಾವುದೂ ಅದರ ಮೇಲೆ ಇರಬಾರದು. ಅದಕ್ಕಿಂತ ಎತ್ತರಕ್ಕೆ ಮತ್ತು ಮನೆಯ ಹೊರಗೋಡೆಗೆ ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳೇ ಬೇಕು. ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಒಡೆಯುತ್ತದೆ, ತುಕ್ಕಿನ ನೀರು ಗೋಡೆಯ ಮೇಲೆ ಇಳಿಯುತ್ತದೆ.

ಆಸಿಡ್ ಎಂಬ ಕೊನೆಯ ದಿನದ ಅಪಾಯ

ಇಲ್ಲಿ ನಮ್ಮ ಮನೆಯವರಿಗೇ ಆದದ್ದನ್ನು ಹೇಳಬೇಕು. ಗಂಗಾವತಿಯಲ್ಲಿ ನಮ್ಮ ಸೋದರಮಾವನವರು ಕಟ್ಟಿಸಿದ ಮನೆಯ ಪಡಸಾಲೆಗೆ ಟ್ರಾವರ್ಟೈನ್ ಹಾಸಿ, ಸಂದುಗಳನ್ನು ತುಂಬಿ, ಎಲ್ಲವೂ ಚೆನ್ನಾಗಿಯೇ ಮುಗಿದಿತ್ತು. ಗೃಹಪ್ರವೇಶಕ್ಕೆ ಮೂರು ದಿನ ಉಳಿದಿತ್ತು. ಸಂದು ತುಂಬಿದ ಸಿಮೆಂಟಿನ ಮಸುಕು ನೆಲದ ಮೇಲೆ ಉಳಿದಿದ್ದನ್ನು ನೋಡಿ, ಕೆಲಸದ ಗೌಂಡಿ ಗ್ರಾನೈಟ್ ನೆಲಗಳಿಗೆ ತಾನು ಯಾವಾಗಲೂ ಮಾಡುವಂತೆ ಒಂದು ಬಕೆಟ್ ನೀರಿಗೆ ಅರ್ಧ ಬಾಟಲಿ ಆಸಿಡ್ ಸುರಿದು ಪೊರಕೆಯಿಂದ ಎಳೆದುಬಿಟ್ಟ. ಅವನಿಗೆ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ; ಮನೆಯವರಿಗೆ ಒಂದು ಒಳ್ಳೆಯ ಕೆಲಸ ಹೆಚ್ಚಿಗೆ ಮಾಡಿಕೊಟ್ಟೆ ಎಂದೇ ಅವನು ಅಂದುಕೊಂಡಿದ್ದ. ನೆಲದ ಉದ್ದಗಲಕ್ಕೂ ಬಿಳಿ ನೊರೆ ಸುಯ್ ಎಂದು ಎದ್ದಿತು. ನೀರು ಸುರಿದು ತೊಳೆದಾಗ ನಯವಾಗಿದ್ದ ಮೈ ಸುಣ್ಣದ ಗೋಡೆಯಂತೆ ತರಿತರಿಯಾಗಿತ್ತು, ತುಂಬಿಸಿದ್ದ ತೂತುಗಳಲ್ಲಿ ಅರ್ಧದಷ್ಟು ಬಾಯಿ ತೆರೆದಿದ್ದವು, ಮತ್ತು ಪೊರಕೆ ಎಳೆದ ಗೀಟುಗಳು ಬಾಗಿಲಿನಿಂದ ಬಾಗಿಲಿನವರೆಗೆ ಕಮಾನು ಕಮಾನಾಗಿ ಮೂಡಿದ್ದವು. ಜಮಖಾನೆ ಹಾಸಿ ಗೃಹಪ್ರವೇಶ ಮಾಡಿದರು. ಆಮೇಲೆ ಹೈದರಾಬಾದಿನಿಂದ ಜನ ಬಂದು ಮಶಿನಿನಿಂದ ಮೈ ಉಜ್ಜಿ, ತೂತುಗಳನ್ನು ಮತ್ತೆ ತುಂಬಿಸಿ ಸರಿಮಾಡಿದರು. ಆದರೂ ಮೂಲೆಗಳಲ್ಲಿ, ಮಶಿನಿನ ತಟ್ಟೆ ತಾಗದ ಕಡೆ, ಪೊರಕೆಯ ಗೀಟು ಇಂದಿಗೂ ಇದೆ.

ಆದುದರಿಂದ ಕೆಲಸ ಶುರುವಾಗುವ ದಿನವೇ ಗೌಂಡಿಗೆ, ಪೇಂಟ್ ಮಾಡುವವರಿಗೆ, ಪ್ಲಂಬರಿಗೆ, ಕೊನೆಗೆ ಮನೆ ಸ್ವಚ್ಛ ಮಾಡಲು ಬರುವವರಿಗೆ ಈ ನೆಲಕ್ಕೆ ಆಸಿಡ್ ತಾಗಬಾರದು ಎಂದು ಬಾಯಿಮಾತಿನಲ್ಲಿ ಹೇಳಿ, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೂ ಇಡಬೇಕು. ನಮ್ಮ ಕುಶಲಕರ್ಮಿಗಳಿಗೆ ಕಲ್ಲಿಗೆ ತಕ್ಕಂತೆ ಕೈ ಬದಲಿಸುವುದು ಬಾರದೆಂದಲ್ಲ. ಇದೇ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿದವರು ಸುತ್ತಲಿನ ಗ್ರಾನೈಟನ್ನು ಬಿಟ್ಟು ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡು, ಅದಕ್ಕೆ ತಕ್ಕ ಉಳಿಯನ್ನು ಹಿಡಿದರು. ಹೇಳುವವರು ಹೇಳಬೇಕು, ಅಷ್ಟೇ.

ಸಂದು, ಸೀಲರ್

ಸಂದು ತುಂಬುವುದಕ್ಕೆ ಮೊದಲು ಒಮ್ಮೆ, ತುಂಬಿ ಒಣಗಿದ ಮೇಲೆ ಇನ್ನೊಮ್ಮೆ ಸೀಲರ್ ಹಚ್ಚಬೇಕು. ಮೊದಲ ಸಲ ಹಚ್ಚಿದ್ದರಿಂದ ಸಂದಿನ ಬಣ್ಣ ಕಲ್ಲಿನ ಅಂಚಿಗೆ ಇಳಿಯುವುದಿಲ್ಲ, ಮಸುಕೂ ಒದ್ದೆ ಸ್ಪಂಜಿನಲ್ಲಿಯೇ ಹೋಗುತ್ತದೆ, ಆಸಿಡ್ಡಿನ ನೆನಪೇ ಬರುವುದಿಲ್ಲ. ಕಲ್ಲಿನೊಳಗೆ ಇಳಿಯುವ ಬಗೆಯ ಸೀಲರ್ ಬೇಕು, ಮೇಲೆ ಪೊರೆಗಟ್ಟಿ ಹೊಳೆಯುವ ವಾರ್ನಿಷ್ ಬಗೆಯದು ಬೇಡ. ಪೊರೆಯು ಒಳಗಿನ ತೇವವನ್ನು ಹಿಡಿದಿಟ್ಟುಕೊಂಡು ಕೆಲವು ದಿನಗಳಲ್ಲಿ ಸುಲಿಯತೊಡಗುತ್ತದೆ. ಒಣಗಿದ, ಧೂಳಿಲ್ಲದ ಕಲ್ಲಿನ ಮೇಲೆ ಬಟ್ಟೆಯಿಂದ ಹಚ್ಚಿ, ಹತ್ತು ಹದಿನೈದು ನಿಮಿಷದಲ್ಲಿ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು, ಇಲ್ಲವಾದರೆ ಅಂಟಂಟು ಮಚ್ಚೆಗಳಾಗುತ್ತವೆ. ಮತ್ತೆ ಯಾವಾಗ ಹಚ್ಚಬೇಕೆಂಬುದಕ್ಕೆ ಕ್ಯಾಲೆಂಡರ್ ನೋಡಬೇಕಾಗಿಲ್ಲ. ನೆಲದ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿದಾಗ ಕಲ್ಲಿನ ಬಣ್ಣ ಕಡುವಾಗಿದ್ದರೆ ಸೀಲರ್ ಸವೆದಿದೆ ಎಂದರ್ಥ.

ದಿನನಿತ್ಯದ ಕಾಳಜಿ

ಒದ್ದೆ ಬಟ್ಟೆಗಿಂತ ಮೊದಲು ಒಣ ಕಸಬರಿಗೆ ಎಂಬುದು ಬಳ್ಳಾರಿಯ ಕೆಂಪು ಧೂಳಿನ ಮನೆಗಳಿಗೆ ಮುಖ್ಯವಾದ ನಿಯಮ. ಧೂಳಿರುವಾಗಲೇ ನೀರು ಹಾಕಿದರೆ ಅದು ಕೆಸರಾಗಿ ಸಂದುಗಳಲ್ಲಿ, ತೂತುಗಳಲ್ಲಿ ಕೂರುತ್ತದೆ, ಮರಳಿನ ಕಣಗಳು ಕಾಲಿನಡಿಗೆ ಸಿಕ್ಕು ಮೈಯನ್ನು ಗೀರುತ್ತವೆ. ಬಾಗಿಲಿನಲ್ಲಿ ಒಳಗೊಂದು ಹೊರಗೊಂದು ಕಾಲೊರಸು ಇರಲಿ. ಒರೆಸುವ ನೀರಿಗೆ ಆಮ್ಲವೂ ಕ್ಷಾರವೂ ಅಲ್ಲದ ಸಾಬೂನನ್ನು ಕೆಲವು ಹನಿ ಹಾಕಿದರೆ ಸಾಕು. ನಿಂಬೆ ವಾಸನೆಯ ನೆಲದ ದ್ರಾವಣ, ವಿನೆಗರ್, ಬ್ಲೀಚ್, ಶೌಚಾಲಯದ ದ್ರಾವಣ ಇವುಗಳನ್ನು ಹತ್ತಿರಕ್ಕೂ ತರಬಾರದು.

ಏನಾದರೂ ಚೆಲ್ಲಿದರೆ ಉಜ್ಜಬಾರದು, ಬಟ್ಟೆಯನ್ನು ಒತ್ತಿ ಹೀರಿಸಬೇಕು. ಎಣ್ಣೆ ಒಳಗಿಳಿದು ಕಪ್ಪು ಮಚ್ಚೆಯಾಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಮಚ್ಚೆಯ ಮೇಲೆ ಕಾಲಂಗುಲ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು, ಹಾಳೆ ತೆಗೆದು ತಾನಾಗಿ ಒಣಗಲು ಬಿಡಬೇಕು. ಒಣಗುವಾಗ ಅದು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಬೇಕಾದೀತು. ಅರಿಷಿಣದ ಕಲೆಗೆ ಹೆಚ್ಚು ಒದ್ದಾಡಬೇಕಾಗಿಲ್ಲ, ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಹುಳಿ ತಿಂದ ಮಂಕು ಗುರುತಿಗೆ ಮಾತ್ರ ಇಂತಹ ಲೇಪಗಳು ಕೆಲಸ ಮಾಡವು. ಹೋನ್ ಮೈಯ ಕಲ್ಲಾದರೆ 400 ನಂಬರಿನ ವಜ್ರದ ಪ್ಯಾಡಿನಿಂದ ನೀರು ಹಾಕುತ್ತ ಗುರುತಿಗಿಂತ ತುಸು ಅಗಲವಾಗಿ, ಕೈ ಭಾರ ಬಿಡದೆ ಉಜ್ಜಿದರೆ ಸುತ್ತಲಿನ ಮೈಯೊಂದಿಗೆ ಬೆರೆಯುತ್ತದೆ.

ಎರಡು ಮೂರು ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಹೊಸ ತೂತು ತೆರೆದುಕೊಳ್ಳುವುದು ಈ ಕಲ್ಲಿನ ಸ್ವಭಾವ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ತೂತಿನೊಳಗಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಣದಾಗಿಯೇ ಕೆದಕಿ ತೆಗೆದು, ಸುತ್ತಲೂ ಟೇಪ್ ಅಂಟಿಸಿ, ಕೆಲಸದ ದಿನ ಉಳಿದಿದ್ದ ಕಲ್ಲಿನ ತುಂಡನ್ನು ಅರೆದ ಪುಡಿಯನ್ನು ತಿಳಿ ಎಪಾಕ್ಸಿ ಅಂಟಿನೊಂದಿಗೆ ಕಲಸಿ, ತೂತಿನ ಬಾಯಿಗಿಂತ ಕೂದಲೆಳೆಯಷ್ಟು ಮೇಲೆ ಬರುವಂತೆ ತುಂಬಬೇಕು. ಮಾರನೆಯ ದಿನ ಬ್ಲೇಡನ್ನು ಮಲಗಿಸಿ ಹಿಡಿದು ಉಬ್ಬಿದ್ದನ್ನು ಕೊಯ್ದು, ಅದೇ 400 ನಂಬರಿನ ಪ್ಯಾಡಿನಿಂದ ಒಂದೆರಡು ಸಲ ಸವರಿ, ಆ ಜಾಗಕ್ಕಷ್ಟೇ ಸೀಲರ್ ಹಚ್ಚಿದರೆ ತೂತು ಎಲ್ಲಿತ್ತು ಎಂದು ಮನೆಯವರೂ ಹುಡುಕಬೇಕಾಗುತ್ತದೆ. ಇದಕ್ಕಾಗಿ ಹಾಸಿದ ದಿನವೇ ನಾಲ್ಕಾರು ತುಂಡುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಮೇಲೆ ದಿಮ್ಮಿಯ ಸಂಖ್ಯೆ ಬರೆದು, ಅಟ್ಟದ ಮೇಲೆ ಇಟ್ಟಿರಬೇಕು.